ಬೊಲ್ಪು ಆಟದಲ್ಲಿ ಅಪ್ಪನ ಸ್ವರ

ಉಳ್ಳಾಲ
9 ನವೆಂಬರ್ 2025

ಸ್ಮೃತಿ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ. ಹೊಡೆದು ಹಾಕಿದ್ದೇನೆ, ಗೀಟು ಕಾಣುತ್ತಿರಬಹುದು. ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ವಾಯ್ಸ್ ಮೆಸೇಜಿಗೆ ಹನ್ನೆರಡು ದಿನ ಉತ್ತರ ಕೊಡಲಿಲ್ಲ, ಅದು ನನ್ನ ತಪ್ಪು. ಆದರೆ ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀ, ನೀನು ಅತ್ತರೆ ನಾನು ಸುಮ್ಮನಾಗುತ್ತೇನೆ. ಕಾಲೇಜಿನ ದಿನಗಳಿಂದಲೂ ಹಾಗೆಯೇ. ಅದಕ್ಕೇ ಈ ಕಾಗದ. ಇದರಲ್ಲಿ ನಿನಗೆ ನಡುವೆ ಬಾಯಿ ಹಾಕಲು ಆಗುವುದಿಲ್ಲ.

ಹೇಗೆ ಗೊತ್ತಾಯಿತು ಎಂದು ಕೇಳಿದ್ದೀಯಲ್ಲ. ನನ್ನ ತಮ್ಮ ಭುವನ್ ಬ್ಯಾಂಕ್ ಪರೀಕ್ಷೆಗೆ ಓದಿ ಓದಿ ತಲೆಬಿಸಿ ಮಾಡಿಕೊಂಡಿದ್ದ. ಯೂಟ್ಯೂಬಿನಲ್ಲಿ ಯಾರೋ ಮನಸ್ಸು ಹಗುರ ಮಾಡುವ ಬಾಹ್ಯಾಕಾಶದ ಗೇಮ್‌ಗಳ ಪಟ್ಟಿ ಹಾಕಿದ್ದರಂತೆ. ದೊಡ್ಡ ಕಂಪೆನಿಯವಲ್ಲ, ಒಬ್ಬಿಬ್ಬರು ಕೂತು ಮಾಡಿದಂಥವು. ಅದರಲ್ಲಿ ನಾಲ್ಕನೆಯದು ‘ಬೊಲ್ಪು’. ತುಳು ಹೆಸರು ಎಂದು ಅವನಿಗೆ ಖುಷಿ, ಕೂಡಲೇ ಡೌನ್‌ಲೋಡ್ ಮಾಡಿದ. ಬೊಲ್ಪು ಎಂದರೆ ಬೆಳಕು, ನಾವಿಬ್ಬರೂ ಸೇರಿ ಈ ಆಟ ಶುರು ಮಾಡಿದಾಗ ಆ ಹೆಸರು ಇಟ್ಟವಳು ಅವನ ಅಕ್ಕನೇ ಎಂದು ಅವನಿಗೇನು ಗೊತ್ತು!

ಮಧ್ಯಾಹ್ನ ಊಟವಾಗಿತ್ತು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಭುವನ್‌ನ ಫೋನಿನಿಂದ ಅಪ್ಪ ಕೂಗಿದರು. ಬಲೆ ಎಳೆಯುವಾಗಿನ ಅದೇ ಉದ್ದದ ‘ಐಸಾ’, ಕೊನೆಯಲ್ಲಿ ಅದೇ ಸಣ್ಣ ಕೆಮ್ಮು. ಅಮ್ಮ ಕೈಯಲ್ಲಿ ಸಾಬೂನು ನೊರೆ ಇಟ್ಟುಕೊಂಡೇ ಜಗಲಿಗೆ ಓಡಿದರು.

“ಮಾತಾಡಿದಿರಾ? ಈಗ ನೀವೇ ಅಲ್ಲವಾ ಕರೆದದ್ದು?”

ಅಪ್ಪ ಜಗಲಿಯಲ್ಲಿ ಯಾರದೋ ಹರಿದ ಬಲೆ ಹೊಲಿಯುತ್ತಿದ್ದರು. ಅವರು ತಲೆ ಅಲ್ಲಾಡಿಸಿದರು. ಎರಡು ವರ್ಷದಿಂದ ಅವರ ಗಂಟಲಲ್ಲಿ ಸ್ವರಪೆಟ್ಟಿಗೆಯೇ ಇಲ್ಲ. ಕ್ಯಾನ್ಸರ್ ಎಂದು ಅದನ್ನು ತೆಗೆದದ್ದು ನಿನ್ನ ಮನೆಯಿಂದ ಹತ್ತು ನಿಮಿಷ ದೂರದ ಆಸ್ಪತ್ರೆಯಲ್ಲಿ. ಈಗ ಅವರು ಉಸಿರಾಡುವುದು ಕುತ್ತಿಗೆಯ ತೂತಿನಿಂದ. ನೀರು ಹೋದರೆ ಅಪಾಯವೆಂದು ದೋಣಿ ಹತ್ತುವ ಹಾಗಿಲ್ಲ. ನಮ್ಮನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾರೆ. ಇದೆಲ್ಲ ನಿನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಅಪ್ಪ ಫೋನು ಇಸಿದುಕೊಂಡು ಕಿವಿಗೆ ಒತ್ತಿ ಹಿಡಿದರು. ಭುವನ್ ಆಡುವುದನ್ನು ಹೇಳಿಕೊಟ್ಟ. ಸಣ್ಣ ನೌಕೆ ಕತ್ತಲಲ್ಲಿ ತೇಲುತ್ತದೆ, ಬೆಳಕಿನ ಚೂರುಗಳಿಗೆ ಬಲೆ ಬೀಸುತ್ತದೆ, ಎಳೆದಾಗಲೆಲ್ಲ ನನ್ನ ಅಪ್ಪ ಯಾದವ ಬಂಗೇರ ಕೂಗುತ್ತಾರೆ. ಬ್ಯಾಟರಿ ಮುಗಿಯುವ ತನಕ ಅಪ್ಪ ಎಳೆದರು. ಆಮೇಲೆ ಮಾತಿಗೆಂದು ಇಟ್ಟುಕೊಂಡ ಪುಸ್ತಕ ತೆಗೆದು ಬರೆದರು: ‘ಸ್ವರ ಒಳ್ಳೆಯದಿತ್ತಲ್ಲ.’

ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಆಟದ ಕೊನೆಯಲ್ಲಿ ಬರುವ ಹೆಸರುಗಳನ್ನು ಓದಿದೆ. ನಿನ್ನ ಹೆಸರು ಮೂರು ಕಡೆ. ‘ಚಿತ್ರಗಳ ಮೂಲ ಕಲ್ಪನೆ’ ಎಂದು ಸಣ್ಣ ಅಕ್ಷರದಲ್ಲಿ ನನ್ನದು. ಧ್ವನಿ? ‘ಕರಾವಳಿಯ ಜಾನಪದ.’

ಜಾನಪದವಾ ಸ್ಮೃತಿ? ನಮ್ಮ ಅಂಗಳದಲ್ಲಿ ಕೂತು, ನಮ್ಮ ಅಮ್ಮ ಮಾಡಿದ ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ವಾಸನೆಗೆ ಮೂಗು ಮುಚ್ಚದೆ, “ಅಂಕಲ್, ಇನ್ನೊಮ್ಮೆ ಕೂಗಿ” ಎಂದು ಆರು ಸಲ ಕೂಗಿಸಿದೆಯಲ್ಲ, ಅದು ಯಾವ ಜಾನಪದ?

ಮರುದಿನವೇ ತೊಕ್ಕೊಟ್ಟಿನ ನನ್ನ ಪ್ರಿಂಟಿಂಗ್ ಅಂಗಡಿಗೆ ರಜೆ ಹಾಕಿ ಫಳ್ನೀರಿನ ನಿಮ್ಮ ಫ್ಲ್ಯಾಟಿಗೆ ಬಂದೆ. ಬಾಗಿಲು ತೆಗೆದದ್ದು ನಿನ್ನ ಅಮ್ಮ, ರಮಾದೇವಿ ಆಂಟಿ. ನೀನು ಗೇಮ್ ತೋರಿಸಲು ಪುಣೆಗೆ ಹೋಗಿದ್ದೀ ಎಂದರು. ವಿಷಯ ಕೇಳಿ ಆಂಟಿ ಹೇಳಿದ್ದೇನು ಗೊತ್ತಾ?

“ಅದರಲ್ಲಿ ಎಂತ ಉಂಟು ಮಾರಾಯ್ತಿ, ಒಂದು ಕೂಗು ಅಲ್ಲವಾ? ನಿನ್ನ ಅಪ್ಪನಿಗೆ ಖುಷಿಯೇ ಆಗಿರಬಹುದು.”

“ಆಂಟಿ, ಸ್ಮೃತಿಯ ಅಪ್ಪ ಕೃಷ್ಣರಾಜ ಭಟ್ಟರು ದೇವಸ್ಥಾನದಲ್ಲಿ ಹೇಳುವ ಮಂತ್ರವನ್ನು ನಾನು ಕದ್ದು ಹಾಕಿ, ಯಾರೋ ಹೇಳಿದ್ದು ಅಂತ ಬರೆದರೆ ನೀವು ಸುಮ್ಮನೆ ಇರ್ತೀರಾ?” ಎಂದೆ.

ಅವರು ಚಾ ಮಾಡಲು ಎದ್ದರು. ನಾನು ಕುಡಿಯದೆ ಬಂದೆ. ಅವರಿಗೆ ಜೋರು ಮಾಡಿದ್ದಕ್ಕೆ ಬೇಸರವಿದೆ, ಹೇಳಿಬಿಡು. ಮಾತಿಗೆ ಬೇಸರವಿಲ್ಲ.

ನಿನ್ನ ಮೆಸೇಜನ್ನು ನಾಲ್ಕು ಸಲ ಕೇಳಿದೆ. “ನೀನು ಆಸ್ಪತ್ರೆಯಲ್ಲಿ ಓಡಾಡ್ತಾ ಇದ್ದಾಗ ಹೇಗೆ ಕೇಳುವುದು ಯಶ್ಮಿ, ನಿನಗೆ ಹಿಂಸೆ ಕೊಡುವುದು ಬೇಡ ಅಂತ ಕಂಡಿತು.” ಒಮ್ಮೆ ಸೇಬು ಹಿಡಿದುಕೊಂಡು ಬಂದಿದ್ದೆಯಲ್ಲ, ವಾರ್ಡಿನ ಹೊರಗೆ ಅರ್ಧ ಗಂಟೆ ನನ್ನ ಪಕ್ಕದಲ್ಲೇ ಕೂತಿದ್ದೆ. ಆಗ ನಿನ್ನ ಲ್ಯಾಪ್‌ಟಾಪಿನಲ್ಲಿ ಅಪ್ಪನ ಕೂಗು ಇತ್ತು. ಒಳಗೆ ಅಪ್ಪನಿಗೆ ಇರಲಿಲ್ಲ. ನಮ್ಮ ಆ ಪ್ರಾಜೆಕ್ಟು ಸತ್ತಿತು ಎಂದು ನಾನು ತಿಳಿದಿದ್ದೆ. ನಿಲ್ಲಿಸಬೇಡ ಎಂದು ನಾನು ಹೇಳುತ್ತಿದ್ದೆನೋ ಏನೋ. ಕೇಳಬಹುದಿತ್ತು.

ಸಿಟ್ಟಿನಲ್ಲಿ ಆ ಪಟ್ಟಿಯ ಬೇರೆ ಆಟಗಳನ್ನೂ ಆಡಿ ನೋಡಿದೆ, ನಿನ್ನದು ಕಳಪೆ ಎಂದು ಬರೆಯಬೇಕಿತ್ತು ನನಗೆ. ಒಂದರಲ್ಲಿ ಅಂಗೈಯಷ್ಟು ಗ್ರಹದಲ್ಲಿ ಗಿಡ ನೆಡುವುದು, ಮತ್ತೊಂದರಲ್ಲಿ ಹಾಳುಬಿದ್ದ ನಿಲ್ದಾಣಕ್ಕೆ ಒಂದೊಂದೇ ದೀಪ ಹಾಕುವುದು. ಚೆನ್ನಾಗಿವೆ. ನಿನ್ನದು ಅವಕ್ಕಿಂತಲೂ ಚೆನ್ನಾಗಿದೆ. ಅದು ನನಗೆ ಇನ್ನೂ ಉರಿ. ನಿನ್ನ ಆಟದ ಕೆಳಗೆ ಕಮೆಂಟಿನಲ್ಲಿ ಯಾರೋ ಬರೆದಿದ್ದಾರೆ, ಈ ಅಜ್ಞಾತ ಸ್ವರ ಕೇಳಿದರೆ ಎದೆ ತಣ್ಣಗಾಗುತ್ತದೆಯಂತೆ. ಅಜ್ಞಾತ! ಜಗಲಿಯಲ್ಲಿ ಕೂತಿದ್ದಾರೆ, ಬಂದು ನೋಡಲಿ.

ನಿನ್ನ ದುಡ್ಡು ಬೇಡ, ಆ ಮಾತು ಎತ್ತಬೇಡ. ಕೂಗನ್ನು ತೆಗೆಯುವುದೂ ಬೇಡ. ತೆಗೆ ಎಂದು ಬರೆಯುವವಳಿದ್ದೆ, ಅಪ್ಪ ಕೈ ಹಿಡಿದು ತಡೆದರು. ಈಗ ದಿನಾ ಸಂಜೆ ಆಡುತ್ತಾರೆ, ಅಮ್ಮ ಪಕ್ಕದಲ್ಲಿ ಕೂತು ಕೇಳುತ್ತಾರೆ. ನನಗೆ ಮಾತ್ರ ಅಲ್ಲಿ ಕೂರಲು ಆಗುವುದಿಲ್ಲ. ‘ಧ್ವನಿ: ಯಾದವ ಬಂಗೇರ, ಉಳ್ಳಾಲ’ ಎಂದು ಹಾಕು. ನಿನ್ನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ. ಹಾಕಿದ ಮೇಲೆ ನೀನೇ ಬಂದು ಅವರಿಗೆ ತೋರಿಸು, ಮೆಸೇಜ್ ಕಳುಹಿಸಬೇಡ.

ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ಅಪ್ಪ ಹೇಳಿದ್ದಾರೆ. ಅವರ ಆಶೀರ್ವಾದವನ್ನು ಮುಟ್ಟಿಸಿದ್ದೇನೆ. ನನ್ನದು ಈಗ ಕೇಳಬೇಡ.

ಯಶ್ಮಿತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಿರಲಿಲ್ಲ. ಆ ದಿನ ರೆಕಾರ್ಡ್ ಮಾಡುವಾಗ ಅಪ್ಪ ನಡುವೆ ಕೂಗು ನಿಲ್ಲಿಸಿ, “ಯಶೂ, ಈ ಹುಡುಗಿಗೆ ಚಾ ಕೊಟ್ಟೆಯಾ?” ಎಂದು ಕರೆದಿದ್ದರು. “ಅಪ್ಪಾ, ಒಮ್ಮೆ ಬಾಯಿ ಮುಚ್ಚಿ, ಎಲ್ಲ ಹಾಳು ಮಾಡಿದಿರಿ” ಎಂದು ನಾನು ಸಿಡುಕಿದೆ. ನೀನು ನಕ್ಕೆ. ನಮ್ಮೆಲ್ಲರ ಫೋನು ಹುಡುಕಿದ್ದೇನೆ. ಅಪ್ಪ ನನ್ನ ಹೆಸರು ಹೇಳಿದ್ದು ಎಲ್ಲಿಯೂ ಇಲ್ಲ. ಆ ಹಾಳಾದ ತುಂಡನ್ನು ಅಳಿಸದೆ ಇಟ್ಟಿದ್ದರೆ ಕಳುಹಿಸು. ನಾನು ಬೈದದ್ದೂ ಇರಲಿ, ಕತ್ತರಿಸಬೇಡ.