ಅಪ್ಪ ಹೋಗುತ್ತಿದ್ದ ಮೀಟಿಂಗು

ಘೋಡಗೇರಿ, ತಾ. ಹುಕ್ಕೇರಿ
೧೪ ಸೆಪ್ಟೆಂಬರ್ ೨೦೨೫

ಮಗಳು ವಿದ್ಯಾಳಿಗೆ,

ನಿನಗೂ ಕೂಸಿಗೂ ಅಪ್ಪನ ಆಶೀರ್ವಾದ. ಅಳಿಯ ಯಲ್ಲೇಶನಿಗೂ ಬೀಗತಿ ಮರೆವ್ವನವರಿಗೂ ನನ್ನ ನಮಸ್ಕಾರ ತಿಳಿಸು. ಇಲ್ಲಿ ನಾನು, ನಿನ್ನವ್ವ ಇದ್ದೇವೆ. ಆರಾಮ ಇದ್ದೇವೆ ಎಂದು ಬರೆಯಲು ಹೋದೆ, ಪೆನ್ನು ಮುಂದೆ ಹೋಗಲಿಲ್ಲ. ಇದ್ದೇವೆ, ಅಷ್ಟೇ.

ನೀನು ಫೋನಿನಲ್ಲಿ ಕೇಳಿ ಇಪ್ಪತ್ತೆರಡು ದಿನವಾಯಿತು. "ಅಪ್ಪಾ, ಆ ಬೆಳಗಾಂವಿ ಮೀಟಿಂಗಿಗೆ ಹೋಗಿ ನೀ ಖರೆ ಏನ ಮಾಡ್ತಿದ್ದಿ, ನನಗರೆ ಹೇಳು" ಅಂದೆ. ಬರೆದು ಕಳಿಸುತ್ತೇನೆ ಅಂದಿದ್ದೆ. ತಡವಾಯಿತು, ಸಿಟ್ಟು ಮಾಡಿಕೊಳ್ಳಬೇಡ. ಮೂವತ್ತಾರು ವರ್ಷ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು ನಾನು. ಯಾವ ಎಮ್ಮೆಗೆ ಏನಾಗಿದೆ ಎಂದು ಎರಡು ಸಾಲು ಬರೆದು ಸಹಿ ಹಾಕಿ ಏಳುತ್ತಿದ್ದೆ. ನನ್ನ ವಿಷಯ ಬರೆಯಲು ಕುಳಿತು ಮೂರು ಹಾಳೆ ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು.

ಮೊದಲಿಂದ ಹೇಳುತ್ತೇನೆ. ೨೦೧೧ರಲ್ಲಿ ನನಗೆ ಬೆಳಗಾವಿಗೆ ವರ್ಗವಾಯಿತು. ನೀನಾಗ ಆರನೆಯ ಇಯತ್ತೆ. ನಿನ್ನ ಸಾಲಿ ಕೆಡಬಾರದೆಂದು ನಿಮ್ಮಿಬ್ಬರನ್ನೂ ಇಲ್ಲೇ ಬಿಟ್ಟು ನಾನೊಬ್ಬನೇ ಅಲ್ಲಿ ಒಂದು ಬಾಡಿಗೆ ಕೋಲಿ ಹಿಡಿದೆ. ಎರಡು ಹೊತ್ತೂ ಖಾನಾವಳಿ ಊಟ. ಅಲ್ಲಿ ನನ್ನ ಎದುರು ಕೂಡುತ್ತಿದ್ದವರು ಕೇದಾರಿ. ಟಪಾಲು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತಿಂಗಳಿಗೆ ಒಂದು ಸಂಜೆ ಮಾತ್ರ ಕರಿ ಕೋಟು ಹಾಕಿ, ಸಣ್ಣ ಕರಿ ಬ್ಯಾಗು ಹಿಡಿದು, "ಇವತ್ತ ನನ್ನ ತಾಟು ಹಾಕಬ್ಯಾಡ್ರಿ" ಎಂದು ಹೇಳಿ ಹೋಗುತ್ತಿದ್ದರು. ಅವರು ಹೋದ ಮೇಲೆ ಖಾನಾವಳಿಯವ ನನ್ನ ಹತ್ತಿರ ಬಗ್ಗಿ, "ದೆವ್ವದ ಬಂಗ್ಲೆಕ ಹೊಂಟಾರ ನೋಡ್ರಿ. ಅಲ್ಲಿ ಒಳಗ ಹೋದವರು ಏನ ನೋಡಿದ್ರು ಅಂತ ಹೆಂಡ್ತಿಗೂ ಹೇಳೂದಿಲ್ಲಂತ" ಅನ್ನುತ್ತಿದ್ದ. ಸುಳ್ಳೇಕೆ ಹೇಳಲಿ, ನಾನೂ ಸಂಶಯಪಟ್ಟೆ. ಒಂದು ವಾರ ಕೇದಾರಿಯವರ ಎದುರು ಕೂಡದೆ ಮೂಲೆಯಲ್ಲಿ ಕೂತು ಉಂಡೆ.

ಆ ವರ್ಷವೇ ನನಗೆ ಕಾಮಣಿಯಾಗಿ ಕಣ್ಣು, ಮೈ ಹಳದಿಯಾದವು. ನಿಮಗೆ ಹೇಳಿರಲಿಲ್ಲ. ನಿನ್ನ ಪರೀಕ್ಷೆ ಹತ್ತಿರವಿತ್ತು. ಹನ್ನೊಂದು ದಿನ ದವಾಖಾನೆಯಲ್ಲಿ ಮಲಗಿದೆ. ಕೇದಾರಿಯವರು ದಿನಾ ಬಂದರು. ತಮಗೆ ಆಗದ ದಿನ ಬೇರೊಬ್ಬರನ್ನು ಕಳಿಸಿದರು. ನನಗೆ ಗುರುತಿಲ್ಲದ ಐದಾರು ಜನ ಪಾಳಿ ಹಚ್ಚಿಕೊಂಡು ನನ್ನ ಹತ್ತಿರ ಕೂತರು. ಅವರಲ್ಲಿ ಒಬ್ಬರು ನಿವೃತ್ತ ನ್ಯಾಯಾಧೀಶರು.  ಅವರು ತಮ್ಮ ಕೈಯಿಂದಲೇ ನನ್ನ ಬಾಯಿಗೆ ಗಂಜಿ ಹಿಡಿದರು. ನಿನ್ನ ಅಜ್ಜ ಒಮ್ಮೆ ಯಾವುದೋ ಕೋರ್ಟಿಗೆ ಸಾಕ್ಷಿ ಹೇಳಲು ಹೋದವನು, ಬೆಂಚು ಖಾಲಿ ಇದ್ದರೂ ಕೂಡುವ ಧೈರ್ಯ ಬಾರದೆ ಕಂಬಳಿ ಬಗಲಲ್ಲಿ ಹಿಡಿದು ಮೂರು ತಾಸು ನಿಂತಿದ್ದನಂತೆ. ಆ ಕುರಿಗಾರನ ಮಗ ನಾನು. ಮುಖವನ್ನು ಗೋಡೆಯ ಕಡೆ ತಿರುಗಿಸಿದೆ. ಕಾಮಣಿಯ ಸಂಕಟ ಎಂದು ಅವರು ತಿಳಿದರು.

ಎದ್ದು ಓಡಾಡುವಂತಾದ ಮೇಲೆ ಕೇದಾರಿಯವರನ್ನು ಕೇಳಿದೆ, "ನೀವೆಲ್ಲಾ ಯಾರ್ರಿ?"

"ಫ್ರೀಮೇಸನ್ ಅಂತ ಒಂದ ಹಳೇ ಸಂಘರಿ. ಮಂದಿ ದೆವ್ವದ ಬಂಗ್ಲೆ ಅಂತಾರಲ್ಲ, ಅದ ನಾವು ಕೂಡೂ ಜಾಗಾ. ನಾವು ಯಾರನ್ನೂ ಕರೆಯೂದಿಲ್ಲರಿ. ಕೇಳಿದವರಿಗೆ ಅಷ್ಟ ಬಾಗಲಾ ತಗೀತೇವಿ."

"ನಾ ಕೇಳಾಕತ್ತೇನಿ" ಅಂದೆ.

ನಾನು ಸೇರಿದ್ದು ಹೀಗೆ. ಒಳಗೆ ದೇವರನ್ನು ನಂಬುತ್ತೀಯಾ ಎಂದು ಕೇಳಿದರು. ನಮ್ಮ ಮನೆದೇವರು ಬೀರಪ್ಪನನ್ನು ನಂಬುತ್ತೇನೆ ಅಂದೆ. ಯಾರೂ ನಗಲಿಲ್ಲ, ಯಾವ ಬೀರಪ್ಪ ಎಂದು ಕೇಳಲೂ ಇಲ್ಲ. ಗೀತೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಕಿಸೆಯಲ್ಲಿ ಬೀರಪ್ಪನ ಗುಡಿಯ ಒಂದು ಚಿಟಿಕೆ ಅರಿಶಿನ ಭಂಡಾರ ಕಟ್ಟಿಕೊಂಡು ಹೋಗಿದ್ದೆ. ಅಲ್ಲಿ ನಡೆಯುವುದು ಇಷ್ಟೇ: ಹಳೆಯ ಕಾಲದ ಮಾತುಗಳನ್ನು ಬಾಯಿಪಾಠ ಹೇಳುತ್ತಾರೆ, ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಾರೆ, ಯಾರಾದರೂ ಹಾಸಿಗೆ ಹಿಡಿದಿದ್ದರೆ ಯಾರು ಹೋಗುವುದೆಂದು ಗೊತ್ತುಮಾಡುತ್ತಾರೆ, ಆಮೇಲೆ ಒಂದೇ ಟೇಬಲ್ಲಿಗೆ ಕೂತು ಊಟ. ಎಷ್ಟೋ ಸಂಜೆ ನನಗೆ ಆಕಳಿಕೆ ಬಂದಿದೆ. ಜಾತಿ, ಧರ್ಮ, ರಾಜಕೀಯ ಅಲ್ಲಿ ಮಾತಾಡುವ ಹಾಗಿಲ್ಲ. ಆ ಎರಡು ತಾಸು ನನ್ನನ್ನು ಯಾರೂ "ಯಾವ ಪೈಕಿ" ಎಂದು ಕೇಳಲಿಲ್ಲ. ಹದಿನಾಲ್ಕು ವರ್ಷ ಆ ಎರಡು ತಾಸಿಗಾಗಿ ಬಸ್ಸು ಹತ್ತಿದೆ, ನಿವೃತ್ತನಾಗಿ ಊರಿಗೆ ಬಂದ ಮೇಲೂ. ಎಲ್ಲರೂ ನನ್ನ ಹಾಗೆಯೇ ಬಂದವರೆಂದು ಹೇಳಲಾರೆ. ಒಬ್ಬ ವ್ಯಾಪಾರಕ್ಕೆ ಗುರುತು ಸಿಗುತ್ತದೆಂದು ಬಂದು ವರ್ಷದೊಳಗೆ ಬಿಟ್ಟ. ಒಬ್ಬರು ಹೆಂಡತಿ ತೀರಿಕೊಂಡ ಮೇಲೆ ಸಪ್ಪಳವಿಲ್ಲದ ಮನೆಯನ್ನು ತಾಳಲಾರದೆ ಬಂದರು. ಒಬ್ಬನಿಗೆ ಸೂಟು ಹಾಕುವ ಆಸೆಯಷ್ಟೇ ಇತ್ತು.

ಗುಟ್ಟು ಎಂದು ನಾನು ಮಾತು ಕೊಟ್ಟದ್ದು ಒಂದು ಕೈಕುಲುಕು, ನಾಲ್ಕಾರು ಶಬ್ದ. ಅದನ್ನು ನಿನಗೂ ಬರೆಯುವುದಿಲ್ಲ. ಉಳಿದದ್ದನ್ನು ಹೇಳಬಾರದೆಂದು ಯಾರೂ ತಡೆದಿರಲಿಲ್ಲ. ಆದರೂ ಹೇಳಲಿಲ್ಲ. ಮನೆಯಲ್ಲಿ ಮೀಟಿಂಗ್ ಅಂದೆ, ನೀವು ಇಲಾಖೆಯ ಮೀಟಿಂಗ್ ಅಂದುಕೊಂಡಿರಿ, ನಾನು ತಿದ್ದಲಿಲ್ಲ. ತಪ್ಪು ಅಲ್ಲಿದೆ.

ಈ ಮೇ ತಿಂಗಳಲ್ಲಿ ಅವ್ವ ನಿನ್ನ ಬಾಣಂತನಕ್ಕೆಂದು ಟ್ರಂಕಿನಿಂದ ಹಳೆ ಸೀರೆ ತೆಗೆಯುತ್ತಿದ್ದಳು. ನನ್ನ ಕರಿ ಬ್ಯಾಗು ಬೂಸು ಹಿಡಿದಿತ್ತೆಂದು ತೆರೆದು, ಒಳಗಿದ್ದ ಏಪ್ರನ್ನನ್ನು ಹಗ್ಗಕ್ಕೆ ಹಾಕಿದಳು. ಬಿಳಿ ಕುರಿಮರಿ ತೊಗಲಿನದು, ಅಂಚಿಗೆ ಆಕಾಶ ಬಣ್ಣದ ಪಟ್ಟಿ. ಹಿಂದೆ ಕಲ್ಲು ಕಡಿಯುವವರು ಸೊಂಟಕ್ಕೆ ಕಟ್ಟುತ್ತಿದ್ದರಂತೆ, ಅದರ ನೆನಪಿಗೆ ನಾವೂ ಕಟ್ಟುತ್ತೇವೆ. ಯಲ್ಲೇಶನ ಕಾಕಾನ ಮಗ ಗಜಾನನ ಹುಕ್ಕೇರಿ ಸಂತೆಗೆ ಬಂದವನು ಅದೇ ಹೊತ್ತಿಗೆ ನಮ್ಮ ಮನೆಗೆ ಬಂದ. "ಇದೇನ್ರಿ ಮಾವಾರ?" ಅಂದ. ನಾನು ನಕ್ಕು ತೇಲಿಸಿಬಿಟ್ಟೆ. ಅವನು ಫೋಟೋ ತೆಗೆದ. ಮೊಬೈಲಿನಲ್ಲಿ ಹುಡುಕಿದ. ಮೂರು ದಿನಕ್ಕೆ ಆ ಫೋಟೋ, ಅದರ ಕೆಳಗೆ ಒಂದು ವಿಡಿಯೋ, ನಿಮ್ಮ ಮಸಗುಪ್ಪಿಯಿಂದ ಮೂಡಲಗಿಗೆ, ಅಲ್ಲಿಂದ ನಮ್ಮೂರಿಗೆ ಬಂತು. ವಿಡಿಯೋದಲ್ಲಿ ತ್ರಿಕೋನದೊಳಗೆ ಒಂದು ಕಣ್ಣು, ಹಿಂದೆ ಅಂಜಿಕೆಯ ಬಾಜಾ, ರಕ್ತದ ಮಾತು, ಬಲಿಯ ಮಾತು.

ಅವ್ವನಿಗೆ ಎಲ್ಲ ಹೇಳಿದೆ. ಮೇಸನ್ ಅಂದರೆ ಕಲ್ಲು ಕಟ್ಟುವ ಗೌಂಡಿ ಎಂದೂ ಬಿಡಿಸಿ ಹೇಳಿದೆ. ಆಕೆ ಏಪ್ರನ್ನನ್ನು ಮಡಚಿ ಬ್ಯಾಗಿನಲ್ಲಿಟ್ಟಳು. "ನೀವು ಗೌಂಡಿ ಆಗ್ರಿ, ಬಡಿಗ್ಯಾರ ಆಗ್ರಿ, ನಂದೇನ ಇಲ್ಲ. ನನಗ ಹೇಳಿದ್ರ ನಾ ಏನ ಊರಿಗೆ ಡಂಗುರಾ ಸಾರತಿದ್ನೇನ್ರಿ? ಹದಿನಾಲ್ಕ ವರ್ಷ ನಾ ಆ ಕರಿ ಕೋಟಿಗೆ ಇಸ್ತ್ರಿ ಮಾಡೇನಿ" ಅಂದಳು.  

ಮೊದಮೊದಲು ಜನ ಆಸೆಯಿಂದಲೇ ಬಂದರು. ಒಬ್ಬ ಮಗನ ನೌಕರಿಗೆ "ನಿಮ್ಮವರಿಗೆ ಒಂದ ಮಾತ ಹೇಳ್ರಿ" ಅಂದ. ಇನ್ನೊಬ್ಬ ಹೊಲದಲ್ಲಿ ನಿಧಿ ಎಲ್ಲಿದೆ ನೋಡಿಕೊಡಿ ಅಂದ. ಇಲ್ಲಪ್ಪಾ, ಅಂಥದ್ದೇನೂ ಇಲ್ಲ ಎಂದು ಹೇಳಿದಷ್ಟೂ ಅವರ ನಂಬಿಕೆ ಗಟ್ಟಿಯಾಯಿತು. ಇಲ್ಲ ಅಂದವನು ಮುಚ್ಚಿಡುತ್ತಿದ್ದಾನೆ ಎಂದೇ ಅರ್ಥವಾಯಿತು.

ಜೂನ್ ಮೊದಲ ವಾರ ಮಳೆಯಾಯಿತು. ನಮ್ಮ ಓಣಿಯ ಮಾಳು ಇದ್ದಾನಲ್ಲ, ಅವನ ಹಿಂಡಿನಲ್ಲಿ ಎರಡು ದಿನಕ್ಕೆ ಹದಿನೇಳು ಮರಿ ಸತ್ತವು. ಎಳೆ ಹುಲ್ಲು ಹೊಟ್ಟೆ ತುಂಬ ಮೇಯ್ದ ಮರಿಗಳಿಗೆ ಬರುವ ಕರುಳುಬೇನೆ ಅದು. ಕೇಳಿದ ಕೂಡಲೇ ತಿಳಿಯಿತು. ಚಪ್ಪಲಿ ಮೆಟ್ಟಿ ಓಡಿದೆ. ದೊಡ್ಡಿಯ ಬಾಗಿಲಲ್ಲಿ ಮಾಳು ಅಡ್ಡ ನಿಂತ. ಅವನು ಹುಟ್ಟುವ ಮೊದಲಿನಿಂದ ಆ ದೊಡ್ಡಿಯ ಕುರಿಗಳಿಗೆ ಹೆರಿಗೆ ಮಾಡಿಸಿದವನು ನಾನು.

"ಕಾಕಾ, ಒಳಗ ಬರಬ್ಯಾಡ್ರಿ" ಅಂದ.

"ಯಾಕಪಾ?"

ನೆಲ ನೋಡುತ್ತ ಅಂದ, "ನಾ ಏನೂ ಅನ್ನೂದಿಲ್ಲರಿ. ಮನ್ಯಾಗ ಹೆಣ್ಣಮಕ್ಕಳು ಅಂಜ್ಯಾರ. ಮರಿ ತೊಗಲಾ ಬೇಕಾಗಿ ಮರಿ ಹೋಗಾಕತ್ತಾವು ಅಂತಾರ."

ಸಿಟ್ಟು ಬರಲಿಲ್ಲ ವಿದ್ಯಾ. ದಣಿವಾಯಿತು. ಮನೆಗೆ ಬಂದು ಹುಕ್ಕೇರಿಯ ಹೊಸ ಪಶು ಡಾಕ್ಟರ್ ಅರ್ಚನಾಗೆ ಫೋನ್ ಮಾಡಿದೆ. ಹಿಂಡನ್ನು ಹಸಿ ಹುಲ್ಲಿನಿಂದ ಈಚೆ ತರಿಸಿ, ಒಣ ಮೇವು ಹಾಕಿಸು, ಉಳಿದವಕ್ಕೆಲ್ಲ ಲಸಿಕೆ ಹಾಕು, ಬಾಜೂ ಹಿಂಡುಗಳಿಗೂ ಹಾಕು ಅಂದೆ. ಆಕೆ ಅರ್ಧ ತಾಸಿನಲ್ಲಿ ಹೊರಟಳು. "ಸರ್, ನೀವು ಕಳಿಸೀರಿ ಅಂತ ಹೇಳ್ಲೇನ್ರಿ?" ಎಂದು ಕೇಳಿದಳು. "ಬ್ಯಾಡವಾ. ನನ್ನ ಹೆಸರು ಹೇಳಿದ್ರ ಚುಚ್ಚಿಸ್ಕೊಳ್ಳೂದಿಲ್ಲ" ಅಂದೆ. ಇನ್ನೆರಡು ಮರಿ ಹೋದವು, ಉಳಿದವು ಉಳಿದವು. ಮಾಳು ಆಕೆಗೆ ಒಂದು ತಂಬಿಗೆ ಹಾಲು ಕೊಟ್ಟು ಕಳಿಸಿದನಂತೆ. ಕೇಳಿ ಸಮಾಧಾನವಾಯಿತು, ಸ್ವಲ್ಪ ಸಂಕಟವೂ ಆಯಿತು.

ಹಿರಿಯರು ಕಟ್ಟೆಗೆ ಕರೆದರು. ಬ್ಯಾಗು ತಗೊಂಡೇ ಹೋದೆ. ಎಲ್ಲರ ಮುಂದೆ ಬಿಚ್ಚಿಟ್ಟೆ: ಏಪ್ರನ್, ಒಂದು ಜೊತೆ ಬಿಳಿ ಕೈಗವಸು, ಒಂದು ಸಣ್ಣ ಪುಸ್ತಕ. ಶಿವಗಂಗವ್ವ ಮುಂದೆ ಬಂದಳು. ಎಪ್ಪತ್ತು ವರ್ಷ ಕುರಿಯ ಹಿಂದೆ ತಿರುಗಿದ ಮುದುಕಿ, ಯಾರಿಗೂ ಅಂಜುವವಳಲ್ಲ. ತೊಗಲನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಹದಾ ಚಲೋ ಮಾಡ್ಯಾರ. ನಮ್ಮ ಕಡೆ ಮರೀದ ಅಲ್ಲ ಇದು. ಇಷ್ಟಕ್ಕ ಇಷ್ಟ ಮಂದಿ ಕೂಡೀರೇನ?" ಅಂದಳು. ಕೆಲವರು ನಕ್ಕರು. ಆದರೆ ಹಲವರ ಮುಖ ಬಾಡಿದ್ದನ್ನು ನಾನು ಕಂಡೆ. ತಲೆಬುರುಡೆಯನ್ನೋ ಚಿನ್ನವನ್ನೋ ನೋಡಲು ಬಂದವರಿಗೆ ಕೈಗವಸು ಸಿಕ್ಕಿತ್ತು. ಹಿಂದಿನಿಂದ ಒಬ್ಬ, "ಖರೇದ್ದು ಮನ್ಯಾಗ ಇಟ್ಟ ಬಂದಾರ" ಅಂದ. ಬ್ಯಾಗು ಮುಚ್ಚಿಕೊಂಡು ಬಂದೆ. ಅದಾದ ಮೇಲೆ ಯಾರಿಗೂ ಏನನ್ನೂ ಬಿಡಿಸಿ ಹೇಳಲು ಹೋಗಿಲ್ಲ.

ಆಮೇಲಿನದು ನಿನಗೆ ಗೊತ್ತೇ ಇದೆ. ಚೊಚ್ಚಲ ಬಾಣಂತನಕ್ಕೆ ನಿನ್ನನ್ನು ತವರಿಗೆ ಕಳಿಸಲಿಲ್ಲ. ಕರೆಯಲು ಬಂದಾಗ ಮರೆವ್ವನವರು ಚಹಾ ಕೊಟ್ಟು, ಮರ್ಯಾದೆಯಿಂದಲೇ ಹೇಳಿದರು, "ಗೋಕಾಕದ ದವಾಖಾನಿ ನಮಗ ಸಮೀಪ ಅಕ್ಕೈತ್ರಿ ಬೀಗರ. ಇಲ್ಲೇ ಇರ್ಲಿ." ಯಲ್ಲೇಶ ನನ್ನ ಮುಖ ನೋಡಲಾರದೆ ಎದ್ದು ಹೋದ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಬೇಸರವಿಲ್ಲ. ಊರಿಗೆ ಬಂದ ಮೇಲೆ ಅವ್ವ, ಬಾಣಂತಿಗೆಂದು ಕಟ್ಟಿಟ್ಟ ಅಂಟಿನುಂಡಿಯನ್ನು ಓಣಿಯಲ್ಲಿ ಹಂಚಿದಳು. ಮೂರು ಮನೆಯವರು ತಗೊಂಡರು.

ಇನ್ನೊಂದು ಸುದ್ದಿ. ಆಗಸ್ಟಿನಲ್ಲಿ ನಾನು ಆ ಸಂಘ ಬಿಟ್ಟೆ. ಕೇದಾರಿಯವರಿಗೆ ಈಗ ಎಂಬತ್ತೊಂದು. "ಬಿಡಬೇಕಂದ್ರ ಯಾರೂ ಹಿಡಿಯೂದಿಲ್ಲರಿ. ನಾ ಬಂದು ಕಾಮಣಿ ಹೊತ್ತಿನ್ಯಾಗ ಕೂತಿದ್ದು ಮೇಸನ್ ಅಂತ ಅಲ್ಲ, ಎದರ ಕೂತ ಉಣ್ಣಾವ ಅಂತ" ಅಂದರು. ನನ್ನ ಕೈ ಹಿಡಿದು ಮಾಮೂಲಿ ಜನ ಕುಲುಕುವ ಹಾಗೆ ಕುಲುಕಿದರು. ವಯಸ್ಸಾಯಿತು, ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಗೊಡುವುದಿಲ್ಲ ಎಂದು ಕಾರಣ ಬರೆದುಕೊಟ್ಟೆ. ಈಗ ನಿಮ್ಮ ಮನೆಯಲ್ಲಿ ಯಾರಾದರೂ ಕೇಳಿದರೆ, ಇಲ್ಲ, ಅಪ್ಪ ಬಿಟ್ಟಾನ ಎಂದು ಹೇಳಲು ನಿನಗೆ ಅನುಕೂಲ.

ಗೋವಿನಜೋಳ ತೆನೆ ಕಟ್ಟಿದೆ. ಅವ್ವನ ಕಣ್ಣಿನ ಪೊರೆಗೆ ದೀಪಾವಳಿ ಆದ ಮೇಲೆ ತೋರಿಸಬೇಕು. ನೀನು ಬೆಚ್ಚಗಿರು, ತಣ್ಣೀರಿನಲ್ಲಿ ಕೈಯಾಡಿಸಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಕೂಸಿನ ಹೊಟ್ಟೆ ಉಬ್ಬಿದರೆ ಮನೆಮದ್ದು ಬೇಡ, ದವಾಖಾನೆಗೆ ಒಯ್ಯಿರಿ. ಬೀರಪ್ಪ ನಿಮ್ಮ ಮೂವರನ್ನೂ ನೆರಳಲ್ಲಿಟ್ಟಿರಲಿ.

ನಿನ್ನ ಅಪ್ಪ,
ಬೀರಸಿದ್ದಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ನಾನು ಬಿಟ್ಟದ್ದು ಮೊಣಕಾಲಿಗಾಗಿ ಅಲ್ಲ, ಊರಿಗಾಗಿಯೂ ಅಲ್ಲ. ಮಸಗುಪ್ಪಿಯಲ್ಲಿ ತೊಟ್ಟಿಲ ದಿನ, ಹೆಸರಿಟ್ಟಾದ ಮೇಲೆ, ನಾನು ಕೂಸಿಗೆಂದು ಎರಡೂ ಕೈ ಚಾಚಿದೆ. ನೀನು ಕೂಸನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡು, ಉಂಡಿಯಾ ಅಪ್ಪಾ ಎಂದು ಕೇಳಿದೆ. ನಾನು ಹೂಂ ಅಂದೆ, ಉಂಡಿರಲಿಲ್ಲ. ನಿನ್ನ ಹೆಗಲು ಸೋತು ಹಾಗೆ ಮಾಡಿದ್ದರೆ ಒಂದು ಸಾಲು ಬರೆ, ಸಾಕು. ಹಾಗಲ್ಲದಿದ್ದರೆ ಬರೆಯಬೇಡ, ನಾನು ತಿಳಿದುಕೊಳ್ಳುತ್ತೇನೆ. ಈ ಸೀಮೆಯಲ್ಲಿ ಹುಟ್ಟಿದ ಸಾವಿರಾರು ಮರಿಗಳನ್ನು ಅಂಗೈಯಲ್ಲಿ ಎತ್ತಿ, ತಕ್ಕಡಿ ಇಲ್ಲದೆ ಇಷ್ಟೇ ತೂಕ ಎಂದು ಹೇಳಿದವನು ನಾನು. ನಿನ್ನ ಮಗಳು ಎಷ್ಟು ಭಾರ ಇದ್ದಾಳೆ ಎಂಬುದು ನನಗೆ ಇನ್ನೂ ಗೊತ್ತಿಲ್ಲ.