ಕೂದಲು ನಾಟಿಯ ದಿನ

ಡಾಕ್ಟರಮ್ಮನವರಿಗೆ ನಮಸ್ಕಾರ.

ಸ್ಟೌ ಸಿಡಿದು ತಲೆಯ ಬಲಭಾಗ ಸುಟ್ಟುಕೊಂಡ ಹುಡುಗಿಯ ಅಪ್ಪ ನಾನು, ಕ್ಷೌರದಂಗಡಿಯವನು. ನನ್ನ ತಲೆಯಿಂದಲೇ ಕಿತ್ತು ಅವಳಿಗೆ ಹಾಕಿ ಎಂದು ಕೇಳಿದಾಗ, ಬೇರೆಯವರ ಕೂದಲು ಹಿಡಿಯುವುದಿಲ್ಲ ಎಂದು ತಾವು ಮೆತ್ತಗೆ ಹೇಳಿದ್ದಿರಿ. ಅವಳ ಕೂದಲು ನಾಟಿಗೆ ಕೊಟ್ಟ ದಿನವನ್ನು ದಯವಿಟ್ಟು ಬೇರೆಯವರಿಗೆ ಕೊಟ್ಟುಬಿಡಿ. ಸುಟ್ಟ ಚರ್ಮದ ಚಿಕಿತ್ಸೆಗೆ ದುಡ್ಡು ಕೊಟ್ಟ ವಿಮೆಯವರು, ಕೂದಲು ಬರೀ ಅಂದಕ್ಕೆ ಎಂದು ಕೈತೊಳೆದುಕೊಂಡರು. ಅಂಗಡಿ ಮಾರುತ್ತೇನೆ ಎಂದೆ. ಮಗಳು ಒಪ್ಪಲಿಲ್ಲ.

"ಅಂಗಡಿ ಹೋದ್ರೆ ಊಟಕ್ಕೇನ್ ಮಾಡೋಣ ಅಪ್ಪಾ? ಉಳಿದಿರೋದನ್ನೂ ನೀನೇ ಬೋಳಿಸ್ಬಿಡು" ಎಂದು ಕುರ್ಚಿಯಲ್ಲಿ ಬಂದು ಕೂತಳು.

ಎಷ್ಟೋ ತಲೆ ಬೋಳಿಸಿದ ಕೈಯಿಂದಲೇ ಅವಳದನ್ನೂ ಬೋಳಿಸಿದೆ. ಮುಗಿದ ಮೇಲೆ ಕನ್ನಡಿ ನೋಡಿಕೊಂಡು, "ಈಗ ಎರಡೂ ಕಡೆ ಒಂದೇ ಥರ ಆಯ್ತಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಅವಳು ಮನೆಗೆ ಹೋದ ಮೇಲೆ ಬಾಗಿಲು ಎಳೆದುಕೊಂಡು, ನೆಲದ ಕೂದಲು ಗುಡಿಸಲಾಗದೆ ಕೂತುಬಿಟ್ಟೆ.

ಇನ್ನೊಂದು ವಿನಂತಿ. ಆಸ್ಪತ್ರೆಯಿಂದ ಮನೆಗೆ ಫೋನ್ ಮಾಡಿಸಬೇಡಿ. ಏನಿದ್ದರೂ ಅಂಗಡಿಯ ನಂಬರಿಗೆ ಮಾಡಿಸಿ. ಬೇಡ ಎಂದವಳೇ, ಫೋನ್ ಸದ್ದಾದಾಗಲೆಲ್ಲ ಕೈಯ ಕೆಲಸ ಬಿಟ್ಟು ಓಡಿಬರುತ್ತಾಳೆ.

ತಮ್ಮ ಉಪಕಾರ ಮರೆಯದ,
ಹುಡುಗಿಯ ಅಪ್ಪ