ಇರಲಾರದ ವಸ್ತುವನ್ನು ತಿರುಗಿಸದ ತಪ್ಪಿಗೆ

ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಮುಖ್ಯಸ್ಥರೇ,

ಜಗತ್ತಿನಲ್ಲಿ ಇರಲು ಸಾಧ್ಯವೇ ಇಲ್ಲದ ವಸ್ತುವೊಂದನ್ನು ತಿರುಗಿಸಿ ತೋರಿಸಲಿಲ್ಲವೆಂದು ತಾವು ನನ್ನನ್ನು ನಪಾಸು ಮಾಡಿದ್ದೀರಿ. ನಾನು ಮಾವಳ್ಳಿಯ ಸುಚಿತಾ, ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಉಳಿದ ಎಲ್ಲ ವಿಷಯಗಳಲ್ಲಿ ಪಾಸಾಗಿ ಡೈನಾಮಿಕ್ಸ್ ಒಂದರಲ್ಲೇ ಸಿಕ್ಕಿಬಿದ್ದಿದ್ದೇನೆ.

ತಮ್ಮ ಪ್ರಶ್ನೆ ಹೀಗಿತ್ತು: ಘನವಸ್ತುವೊಂದರ ಜಡತ್ವ ಮೂರು ಮುಖ್ಯ ಅಕ್ಷಗಳ ಸುತ್ತ ಕ್ರಮವಾಗಿ ಎರಡು, ಮೂರು, ಏಳು, ಲಗ್ರಾಂಜ್ ವಿಧಾನದಿಂದ ಅದರ ಚಲನೆಯನ್ನು ವಿವರಿಸಿ. ತೆಂಗಿನಕಾಯಿಯಾಗಲಿ, ದೋಣಿಯಾಗಲಿ, ಯಾವ ಘನವಸ್ತುವನ್ನೇ ತೆಗೆದುಕೊಳ್ಳಿ, ತಿರುಗಿಸಹೋದರೆ ಅದು ಒಡ್ಡುವ ಈ ಮೂರು ತಡೆಗಳಲ್ಲಿ ಯಾವ ಎರಡನ್ನು ಕೂಡಿದರೂ ಮೊತ್ತ ಮೂರನೆಯದಕ್ಕಿಂತ ಕಡಿಮೆಯಾಗದು. ಎರಡೂ ಮೂರೂ ಸೇರಿದರೆ ಐದು. ಏಳು ಎಲ್ಲಿಂದ ಬಂತು ಸ್ವಾಮಿ? ಇಂಥ ವಸ್ತು ಇರಲಾರದೆಂದು ಸಾಧಿಸಿ ಬರೆದೆ. ಸೊನ್ನೆ ಬಂತು. ಮರುಮೌಲ್ಯಮಾಪನ ಕೇಳಿದೆ. ಮತ್ತೊಂದು ಸೊನ್ನೆ.

ತಮ್ಮ ಕಚೇರಿಗೇ ಬಂದೆ. ಸಿಬ್ಬಂದಿಯೊಬ್ಬರು ಸಮಾಧಾನ ಹೇಳಿದರು: “ಮೇಡಂ, ಆ ವಸ್ತು ಲೋಕದಲ್ಲಿ ಇದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಮಾದರಿ ಉತ್ತರದಲ್ಲಿ ಇದೆ.” ಇಷ್ಟು ಗಟ್ಟಿಯಾದ ಪುರಾವೆಯ ಮುಂದೆ ನನ್ನ ಗಣಿತ ಎಷ್ಟರದು?

ಕುಮಟೆಯಲ್ಲಿರುವ ನನ್ನ ಉಪನ್ಯಾಸಕರು ಕೃಷ್ಣಾನಂದ ಸರ್. ಅವರು ಉತ್ತರ ಓದಿ ನೋಡಿದರು.

“ನೀ ಬರದದ್ದು ಸರಿನೇ ಇತ್ತು ಸುಚಿತಾ.”

“ಹಂಗಾರೆ ಹಾಗಂತ ಬರ್ದು ಸಹಿ ಹಾಕಿ ಕೊಡಿ ಸರ್.”

“ಕೊಟ್ರೆ ಮುಂದಿನ ವರ್ಷ ನನ್ನ ಕರೂದಿಲ್ಲ ಮಾರಾಯ್ತಿ. ನಾ ಪರ್ಮನೆಂಟ್ ಅಲ್ಲ.”

ಅವರ ಮೇಲೆ ಸಿಟ್ಟು ಬರಲಿಲ್ಲ. ಅವರೂ ನನ್ನ ಹಾಗೆಯೇ ಸಿಕ್ಕಿಕೊಂಡವರು.

ಈ ನಡುವೆ ಹೊನ್ನಾವರದ ದೋಣಿ ಕಟ್ಟುವ ಕಾರ್ಖಾನೆಯವರು ನನ್ನ ಪದವಿಗಾಗಿ ಕಾದು ಕಾದು, ನನಗೆ ಕೊಡುತ್ತೇವೆಂದಿದ್ದ ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡರು. ತಮ್ಮ ಪಠ್ಯಕ್ರಮವೂ ಬದಲಾಯಿತು. ಈ ವಿಷಯ ಈಗ ಯಾವ ಕಾಲೇಜಿನಲ್ಲೂ ಇಲ್ಲ, ಪಾಠವಿಲ್ಲ, ಪರೀಕ್ಷೆ ಮಾತ್ರ ಇದೆ. ಅದೂ ಈ ಸಲ ಕೊನೆಯದು. ಆ ಪರೀಕ್ಷೆಗೆ ಹೊರಡುವ ಮೊದಲು ಅಮ್ಮ ಬಾಗಿಲಲ್ಲಿ ನಿಲ್ಲಿಸಿ ಹೇಳಿದಳು: “ಅವ್ರು ಏಳು ಅಂದ್ರೆ ಏಳು ಅಂತ ಬರ್ದು ಬಾ ಮಗಾ. ನಿಂಗೆ ಎಂತ ನಷ್ಟ?”

ಆತು ಎಂದು ತಲೆಯಾಡಿಸಿಯೇ ಹೋಗಿದ್ದೆ. ಪ್ರಶ್ನೆಪತ್ರಿಕೆ ಬಿಡಿಸಿದರೆ ಮತ್ತೆ ಅದೇ ಎರಡು, ಮೂರು, ಏಳು. ತಮ್ಮ ಕಚೇರಿಯಲ್ಲಿ ತೋರಿಸಿದ ಮಾದರಿ ಉತ್ತರ ನನಗೆ ಬಾಯಿಪಾಠ. ಮೊದಲ ಸಾಲು ಬರೆದೂ ಬಿಟ್ಟೆ. ಕೈ ಮುಂದೆ ಹೋಗಲಿಲ್ಲ. ಬರೆಯದಿದ್ದರೆ ಪದವಿಯಿಲ್ಲ; ಬರೆದರೆ, ನಾಳೆ ಯಾರಾದರೂ ಸುಳ್ಳು ಲೆಕ್ಕದ ಮೇಲೆ ದೋಣಿ ಕಟ್ಟು ಎಂದಾಗ ಬೇಡವೆನ್ನುವ ಬಾಯಿ ನನಗೆಲ್ಲಿ? ಆ ಸಾಲನ್ನು ಹೊಡೆದುಹಾಕಿದೆ. ಇರಲಾರದೆಂಬುದನ್ನೇ ಮತ್ತೆ ಸಾಧಿಸಿ, ಎದ್ದು ಬಂದೆ. ಮನೆಯಲ್ಲಿ ಹೇಳಿದಾಗ ಅಮ್ಮ ಬೈಯಲಿಲ್ಲ. ತಟ್ಟೆಗೆ ಅನ್ನ ಬಡಿಸಿ ಒಳಗೆ ಹೋದಳು.

ಆ ಉತ್ತರಪತ್ರಿಕೆ ಈಗ ತಮ್ಮ ಸುಪರ್ದಿಯಲ್ಲಿದೆ. ನಾನು ಕರುಣೆಯ ಅಂಕ ಕೇಳುತ್ತಿಲ್ಲ. ವಿಷಯ ಬಲ್ಲ ಒಬ್ಬರು, ಒಬ್ಬರೇ ಸಾಕು, ಮಾದರಿ ಉತ್ತರವನ್ನು ಬದಿಗಿಟ್ಟು ಅದನ್ನು ಓದಲಿ. ತಪ್ಪಿದ್ದರೆ ಯಾವ ಸಾಲಿನಲ್ಲಿ ಎಂದು ಬರೆದು ಸಹಿ ಹಾಕಲಿ. ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ತಪ್ಪಿಲ್ಲದಿದ್ದರೆ ನನ್ನ ಅಂಕ ನನಗೆ ಕೊಡಿ.

ಇಂತಿ,
ಪಾಸೂ ಆಗದ, ಬಿಟ್ಟು ಹೋಗಲೂ ಆಗದ,
ಸುಚಿತಾ, ಮಾವಳ್ಳಿ